ಪರದೆಯಾಚೆಯ ಕಂದಕ

ಸುರತ್ಕಲ್ ಕಡಲತೀರದಿಂದ ದೂರದಲ್ಲಿ ಲಂಗರು ಹಾಕಿದ ಹಡಗುಗಳು ಕಾಣುತ್ತವೆ. ಹೀಗೆ ಕಡಲ ದಾರಿಯಲ್ಲಿ ಬಂದ ಕಚ್ಚಾತೈಲ ಕುತ್ತೆತ್ತೂರಿನ ಎಂಆರ್‌ಪಿಎಲ್ ತೈಲ ಶುದ್ಧೀಕರಣಾಗಾರ ಸೇರಿ ಪೆಟ್ರೋಲು, ಡೀಸೆಲ್ಲು, ಅಡುಗೆ ಅನಿಲವಾಗಿ ಹೊರಬೀಳುತ್ತದೆ. ಬಂಕಿನಲ್ಲಿ ಗಾಡಿ ನಿಲ್ಲಿಸಿದವರಿಗೆ ಕಾಣುವುದು ಮಾತ್ರ ಲೀಟರಿನ ದರ. ಎಣ್ಣೆ ಯಾರ ನೆಲದಿಂದ, ಯಾರ ದುಡಿಮೆಯಿಂದ ಬಂತು, ಯಾವ ಕಾಳಗ ದರವನ್ನು ಏರಿಸಿತು ಎಂಬುದು ಮೀಟರಿನಲ್ಲಿ ಮೂಡುವುದಿಲ್ಲ.

ಕಾರ್ಲ್ ಮಾರ್ಕ್ಸ್ 1867ರ ‘ಬಂಡವಾಳ’ದ ಮೊದಲ ಅಧ್ಯಾಯದಲ್ಲೇ ಈ ಮರೆಯನ್ನು ವಿವರಿಸಿದ್ದ. ಮನುಷ್ಯರ ನಡುವಿನ ಸಂಬಂಧ ಮಾರುಕಟ್ಟೆಯಲ್ಲಿ ವಸ್ತುಗಳ ನಡುವಿನ ಸಂಬಂಧವಾಗಿ ತೋರುತ್ತದೆ. ಬೆಲೆಯೆಂಬುದು ಬಣ್ಣ, ತೂಕಗಳಂತೆ ವಸ್ತುವಿನದೇ ಗುಣವೇನೋ ಅನ್ನಿಸುತ್ತದೆ. ಇದೇ ಸರಕಿನ ಮಾಯೆ. ಯಾರೋ ಸುಳ್ಳು ಹೇಳಿ ಹುಟ್ಟಿಸಿದ ಭ್ರಮೆಯಲ್ಲ ಇದು. ಕೊಡುಕೊಳ್ಳುವ ಬಗೆಯಿಂದಲೇ ಹುಟ್ಟುವಂಥದ್ದು. ಹಾಗಾಗಿ ತಿಳಿದವರನ್ನೂ ಬಿಡುವುದಿಲ್ಲ.

ಈ ಮರೆಯ ಹಿಂದೆ ಅಡಗುವುದು ದುಡಿಮೆಯೊಂದೇ ಅಲ್ಲ, ಯುದ್ಧವೂ. ಯುದ್ಧವನ್ನು ವಿರೋಧಿಸುವ ಕಲೆ ಕನ್ನಡಕ್ಕೆ ಹೊಸದಲ್ಲ. ‘ಸ್ಮಶಾನ ಕುರುಕ್ಷೇತ್ರಂ’ ನಾಟಕದಲ್ಲಿ ಕುವೆಂಪು ಓದುಗರನ್ನು ರಣರಂಗಕ್ಕೇ ಕರೆದೊಯ್ದರು. ಅಮೆರಿಕದ ಕಲಾವಿದೆ ಮಾರ್ಥಾ ರಾಸ್ಲರ್ ಹಿಡಿದದ್ದು ಎದುರು ದಾರಿ: ರಣರಂಗವನ್ನೇ ಮನೆಯೊಳಗೆ ತಂದರು. ವಿಯೆಟ್ನಾಂ ಯುದ್ಧದ ದಿನಗಳಲ್ಲಿ, 1967ರಿಂದ 1972ರ ನಡುವೆ, ‘ಲೈಫ್’ ಪತ್ರಿಕೆಯ ಯುದ್ಧಚಿತ್ರಗಳನ್ನೂ ಗೃಹಾಲಂಕಾರ ಪತ್ರಿಕೆಗಳ ಕೋಣೆಗಳನ್ನೂ ಕತ್ತರಿಸಿ ಒಂದಕ್ಕೊಂದು ಅಂಟಿಸಿದರು. ಒಂದು ಚಿತ್ರದಲ್ಲಿ ಗೃಹಿಣಿಯೊಬ್ಬಳು ವ್ಯಾಕ್ಯೂಮ್ ಕ್ಲೀನರಿನಿಂದ ಪರದೆಯ ಧೂಳು ತೆಗೆಯುತ್ತಿದ್ದಾಳೆ. ಪರದೆ ಸರಿದಲ್ಲಿ ಕಂದಕದ ಸೈನಿಕರು. ಇನ್ನೊಂದರಲ್ಲಿ ಗಾಯಗೊಂಡ ಮಗುವನ್ನು ಎತ್ತಿಕೊಂಡ ವಿಯೆಟ್ನಾಮಿನವರೊಬ್ಬರು ಅಂಥದೇ ಅಚ್ಚುಕಟ್ಟಾದ ಮನೆಯ ಮೆಟ್ಟಿಲೇರುತ್ತಿದ್ದಾರೆ. ಎರಡು ಲೋಕಗಳೂ ಅದೇ ಅಮೆರಿಕನ್ನರ ಮನೆಗೆ ಪತ್ರಿಕೆಗಳಾಗಿ ಬರುತ್ತಿದ್ದವು, ಬೇರೆ ಬೇರೆ ಪುಟಗಳಲ್ಲಿ. ರಾಸ್ಲರ್ ಆ ಪುಟಗಳ ನಡುವಿನ ಅಂತರವನ್ನು ಅಳಿಸಿದರು, ಅಷ್ಟೇ. ಅವರ ಕತ್ತರಿ ಮಾಡಿದ್ದು ಒಳ್ಳೆಯ ತತ್ತ್ವಜ್ಞಾನದ ಕೆಲಸ.

ನಮ್ಮ ಕರಾವಳಿಗೆ ಯುದ್ಧಕ್ಕೂ ಮನೆಗೂ ನಡುವಿನ ಆ ಅಂತರ 1990ರ ಆಗಸ್ಟಿನಲ್ಲಿ ತಾನಾಗಿ ಅಳಿಯಿತು. ಇರಾಕ್ ಕುವೈತನ್ನು ಆಕ್ರಮಿಸಿದಾಗ ಸುಮಾರು 1.7 ಲಕ್ಷ ಭಾರತೀಯರನ್ನು ವಿಮಾನಗಳಲ್ಲಿ ಕರೆತರಬೇಕಾಯಿತು. ಗಲ್ಫಿನ ದುಡಿಮೆಯಿಂದ ಟೇಪ್ ರೆಕಾರ್ಡರು, ಅತ್ತರು ಕಂಡಿದ್ದ ಇಲ್ಲಿನ ಮನೆಗಳು ಅವುಗಳ ಹಿಂದಿನ ಮನುಷ್ಯರಿಗಾಗಿ ಕಾದು ಕುಳಿತವು.

ರಾಸ್ಲರ್ ತಮ್ಮ ಚಿತ್ರಗಳನ್ನು ಮೊದಲು ಗ್ಯಾಲರಿಗೆ ಕೊಡಲಿಲ್ಲ. ನಕಲು ತೆಗೆದು ಯುದ್ಧವಿರೋಧಿ ಮೆರವಣಿಗೆಗಳಲ್ಲಿ ಹಂಚಿದರು. ಮುಂದೆ ಅವೂ ಮುದ್ರಿಕೆಗಳಾಗಿ ಮಾರಾಟವಾದವು, ಮ್ಯೂಸಿಯಂ ಸೇರಿದವು. ಪ್ರತಿಭಟನೆಯೂ ಸರಕಾಯಿತು ಎಂಬ ಆಕ್ಷೇಪ ನಿಜವೇ. ಆದರೆ ಅದರಿಂದ ಚಿತ್ರಗಳ ಹರಿತ ಹೋಗಲಿಲ್ಲ. ಇರಾಕ್ ಯುದ್ಧ ಶುರುವಾದ ಮೇಲೆ, 2004ರಲ್ಲಿ, ರಾಸ್ಲರ್ ಮತ್ತೆ ಕತ್ತರಿ ಹಿಡಿದರು. ಈ ಸಲ ಚಿತ್ರದೊಳಗಿನ ರೂಪದರ್ಶಿಯ ಕೈಯಲ್ಲಿ ಮೊಬೈಲ್ ಫೋನಿತ್ತು.