ಎಲ್ಲರಿಗೂ ಒಂದೇ ಪ್ರಶ್ನೆ

ಸೇನೆಯ ಮೆಡಿಕಲ್ ಕೋರ್‌ನಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಆಗಿದ್ದವನು ನಾನು. ನಿವೃತ್ತನಾಗಿ ರೋಣಕ್ಕೆ ಬಂದ ಮೇಲೂ ನರಗುಂದ, ಗಜೇಂದ್ರಗಡದ ಮಾಜಿ ಸೈನಿಕರು ಬಿ.ಪಿ., ಶುಗರ್ ರಿಪೋರ್ಟ್ ಹಿಡಿದು ಮನೆಗೆ ಬರುತ್ತಾರೆ. ‘ಎಚ್‌ಐವಿನೂ ಒಮ್ಮೆ ನೋಡಿಸ್ರಿ’ ಎಂದರೆ ಮುಖದ ಕಳೆಯೇ ಬದಲಾಗುತ್ತದೆ. ಹವಾಲ್ದಾರರೊಬ್ಬರು ಚಹಾದ ಕಪ್ಪು ಕೆಳಗಿಟ್ಟು, “ನಾ ಅಂಥಾದ್ದೇನು ಮಾಡೇನ್ರಿ?” ಎಂದು ಕೇಳಿದ್ದರು. ರೋಗ ಅಂದರೆ ಮಾಡಿದ್ದರ ಫಲ, ಪರೀಕ್ಷೆ ಅಂದರೆ ವಿಚಾರಣೆ ಎಂಬ ನಂಬಿಕೆ ಆ ಮಾತಿನ ಬೇರಿನಲ್ಲಿದೆ.

ಕರ್ಮಫಲವನ್ನು ನಾನೂ ನಂಬುತ್ತೇನೆ. ಆದರೆ ಆ ಲೆಕ್ಕ ಶಿವನದು, ನಮ್ಮ ಪಾಲಿಗೆ ಬಂದದ್ದು ಆರೈಕೆ ಮಾತ್ರ. 2002ರಲ್ಲಿ, ಗಡಿಯಲ್ಲಿ ಸೇನೆ ಜಮಾಯಿಸಿದ್ದ ಆಪರೇಷನ್ ಪರಾಕ್ರಮದ ಹೊತ್ತಿನಲ್ಲಿ, ಜಮ್ಮು ಕಡೆಯ ಸಾಂಬಾದ ಸೇನಾ ಆಸ್ಪತ್ರೆಯಲ್ಲಿ ವಾಯುಪಡೆಯ ಒಬ್ಬರಿಗೆ ಒಂದು ಯೂನಿಟ್ ರಕ್ತ ಏರಿಸಿದರು. ಅದರಿಂದ ಎಚ್‌ಐವಿ ತಗಲಿದ್ದು ಗೊತ್ತಾದದ್ದು 2014ರಲ್ಲಿ. ಇದು ನಿರ್ಲಕ್ಷ್ಯ ಎಂದ ಸುಪ್ರೀಂ ಕೋರ್ಟ್, 2023ರಲ್ಲಿ ಒಂದೂವರೆ ಕೋಟಿ ರೂಪಾಯಿಗೂ ಹೆಚ್ಚು ಪರಿಹಾರ ಕೊಡಿಸಿತು. ಆ ಮನುಷ್ಯ ಏನು ಮಾಡಿದ್ದ? ದೇಶ ಕಾಯಲು ಹೋಗಿದ್ದ.

ನಮ್ಮ ಹೆಂಗಸರಿಗೆ ಈ ಪರೀಕ್ಷೆ ಹೊಸದಲ್ಲ. ಕೂಸಿಗೆ ತಗಲಬಾರದೆಂದು ಬಸುರಿಯರ ರಕ್ತವನ್ನು ಎಚ್‌ಐವಿಗೂ ನೋಡುತ್ತಾರೆ. ಅದರಿಂದ ಎಷ್ಟೋ ಕೂಸುಗಳು ಉಳಿದವು. ಆದರೆ ರಿಪೋರ್ಟ್ ಮೊದಲು ಹೆಂಡತಿಯ ಹೆಸರಿನಲ್ಲಿ ಬಂದು, ಅಪವಾದವೂ ಅವಳ ತಲೆಗೇ ಬಿದ್ದು, ಗಂಡ ಮಾತ್ರ ಸೂಜಿಯ ಹತ್ತಿರವೂ ಸುಳಿಯದ ಮನೆಗಳನ್ನು ಕಂಡಿದ್ದೇನೆ. ಅದನ್ನು ನೋಡಿಯೂ ಮನೆತನದ ಮಾನ ಎಂದು ಮಾತಾಡುವುದು ಅಧರ್ಮ.

ಮಠದ ದಾಸೋಹದಲ್ಲಿ ಪಂಕ್ತಿಗೆ ಕುಳಿತವನನ್ನು ನೀನಾರು ಎಂದು ಕೇಳಿ ಬಡಿಸುವುದಿಲ್ಲ, ಎಲ್ಲರ ತಾಟಿಗೂ ಅದೇ ಅನ್ನ, ಅದೇ ಸಾರು. ಪರೀಕ್ಷೆಯೂ ಹಾಗೇ ಆಗಬೇಕು. ಮೋರೆ ನೋಡಿ ಆಯ್ದು ಕೇಳಿದರೆ ಅವಮಾನ; ಬಂದವರನ್ನೆಲ್ಲ ಕೇಳಿದರೆ ಆರೋಪಕ್ಕೆ ಜಾಗವೇ ಇಲ್ಲ. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳು 2009ರಲ್ಲಿ ಲಿಖಿತ ಒಪ್ಪಿಗೆಯ ಪದ್ಧತಿ ಬಿಟ್ಟು, ಬಾಯಿಮಾತಿನ ಒಪ್ಪಿಗೆ ಪಡೆದು ಎಲ್ಲರಿಗೂ ಈ ಪರೀಕ್ಷೆ ಮಾಡುವ ದಾರಿ ಹಿಡಿದವು. 2003ರಲ್ಲಿ ಶುರುವಾದ, ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ನಮ್ಮ ಇಸಿಎಚ್‌ಎಸ್‌ನಲ್ಲೂ ಶುಗರ್ ಬರೆಯುವ ಚೀಟಿಯಲ್ಲೇ ಇದನ್ನೂ ಬರೆಯಲಿ. ತಾಲೂಕು ಆಸ್ಪತ್ರೆಯ ಐಸಿಟಿಸಿ, ಅಂದರೆ ಸಲಹೆ-ಪರೀಕ್ಷಾ ಕೇಂದ್ರದಲ್ಲಿ, ಪರೀಕ್ಷೆ ಪುಕ್ಕಟೆ, ವೈರಾಣು ಹತ್ತಿಕ್ಕುವ ಎಆರ್‌ಟಿ ಗುಳಿಗೆಯೂ ಪುಕ್ಕಟೆ. ದಿನಾ ತಪ್ಪದೆ ನುಂಗಿ, ವೈರಾಣು ಟೆಸ್ಟಿನಲ್ಲಿ ಕಾಣದಷ್ಟು ಇಳಿದು ಹಾಗೇ ಉಳಿದರೆ, ಗಂಡನಿಂದ ಹೆಂಡತಿಗೆ ಕೂಡುವಿಕೆಯಲ್ಲಿ ತಗಲುವುದಿಲ್ಲ.

ಆದರೆ ಕೇಳುವುದು ಬೇರೆ, ಹೇರುವುದು ಬೇರೆ. ತಿಳಿಸಿ ಒಪ್ಪಿಗೆ ಪಡೆಯದೆ ಪರೀಕ್ಷಿಸಬಾರದು, ಫಲಿತಾಂಶ ಬಯಲು ಮಾಡಬಾರದು ಎನ್ನುತ್ತದೆ 2017ರ ಎಚ್‌ಐವಿ ಕಾಯ್ದೆ. ಇಲ್ಲಿ ನನಗೆ ಒಂದು ಆತಂಕ ಇದೆ. ಹುಕುಂ ಅಂದರೆ ಹುಕುಂ ಎಂದು ಬೆಳೆದವರು ನಾವು. ತನ್ನ ಹಳೆಯ ಸುಬೇದಾರರು ಪಕ್ಕದಲ್ಲೇ ನಿಂತಿರುವಾಗ ಸಿಪಾಯಿ ‘ಬ್ಯಾಡ’ ಎನ್ನಲಾರ, ‘ಆಗಲಿ’ ಅಂದರೂ ಮನಸಾರೆ ಅಂದಿರಲಾರ. ಮೂರು ತಾಲೂಕಿನಲ್ಲಿ ಒಬ್ಬರಿಗೊಬ್ಬರು ಗುರುತಿರುವವರೇ. ಹಾಗಾಗಿ ಈ ಪ್ರಶ್ನೆಯನ್ನು ಕೌಂಟರಿನ ಸಾಲಿನಲ್ಲಿ ಕೇಳಬೇಡಿ. ಬಾಗಿಲು ಮುಚ್ಚಬಹುದಾದ ಒಂದು ಕೋಣೆ, ಎರಡು ಕುರ್ಚಿ, ಅವಸರ ಮಾಡದ ಒಬ್ಬ ಕೌನ್ಸಿಲರ್ ಇರಲಿ. ಬ್ಯಾಡ ಅಂದವನಿಗೂ ಅವತ್ತಿನ ಶುಗರ್ ಗುಳಿಗೆ ತಪ್ಪದಿರಲಿ.