ಸಮುದ್ರದ ಕಡೆಗೆ ನೋಡಿದ ಸೇವಕನು

(ಧ್ಯಾನ ಭಾಗ: 1 ಅರಸುಗಳು 18ನೆಯ ಅಧ್ಯಾಯ, 41ರಿಂದ 45ನೆಯ ವಚನಗಳು)



ಕರ್ಮೆಲ್ ಬೆಟ್ಟದ ಮೇಲೆ ಎಲೀಯನು ಮಳೆಗಾಗಿ ಪ್ರಾರ್ಥಿಸುತ್ತಿದ್ದಾಗ ಸಮುದ್ರದ ಕಡೆಗೆ ನೋಡಿ ಬರುವದಕ್ಕೆ ಕಳುಹಿಸಲ್ಪಟ್ಟ ಸೇವಕನ ಹೆಸರನ್ನು ಗ್ರಂಥವು ಹೇಳುವದಿಲ್ಲ. ಅವನು ಏಳನೆಯ ಸಾರಿ ಕಂಡ ಅಂಗೈಯಷ್ಟು ಮೋಡವನ್ನು ನಾವು ನೆನಸುತ್ತೇವೆ. ಅದಕ್ಕೆ ಮುಂಚೆ ಸಾರಿಸಾರಿಗೂ ಹತ್ತಿ ಇಳಿದು, ಏನೂ ಇಲ್ಲವೆಂದು ತಿಳಿಸಿದ್ದನ್ನು ನೆನಸುವದಿಲ್ಲ. 2023ರ ಬರಗಾಲದಲ್ಲಿ ಮುಗಿಲನ್ನು ನೋಡಿ ನೋಡಿ ಕಣ್ಣು ಸೋತ ನಮ್ಮ ದಾವಣಗೆರೆ ಹರಿಹರದ ಸೀಮೆಯವರು, ವಿಶೇಷವಾಗಿ ಭದ್ರಾ ನಾಲೆಯ ಕೊನೆಯ ಹಳ್ಳಿಗಳವರು, ಆ ಸೇವಕನ ಮನಸ್ಸನ್ನು ಅರಿಯಬಲ್ಲರು.

ನಾನು ಅವನನ್ನು ಅರಿತದ್ದು ಕಾರವಾರದ ಕಡಲಿನಲ್ಲಿ. ಚಳಿಗಾಲದಲ್ಲಿ ತಿಮಿಂಗಿಲಗಳನ್ನೂ ಡಾಲ್ಫಿನ್‌ಗಳನ್ನೂ ಎಣಿಸುವವರೊಡನೆ ಸಂಬಳವಿಲ್ಲದ ಸಹಾಯಕನಾಗಿ ಹತ್ತು ದಿನ ದೋಣಿಯಲ್ಲಿದ್ದೆನು. ತುಂಗಭದ್ರೆಯ ದಡದಲ್ಲಿ ಬೆಳೆದವನಿಗೆ ಮೊದಲನೆಯ ದಿನವೆಲ್ಲಾ ವಾಂತಿಯೇ ಆಯಿತು. ಬೆಳಕು ಹರಿಯುವಾಗ ಮೀನುಗಾರರ ಬಂದರಿನಿಂದ ಹೊರಡುವೆವು. ಒಬ್ಬನು ಎಡಕ್ಕೂ ಒಬ್ಬನು ಬಲಕ್ಕೂ ದುರ್ಬೀನು ಹಿಡಿದು ನೋಡುವನು, ಮೂರನೆಯವನು ಬರೆಯುವನು. ಕಣ್ಣು ದಣಿದು ಇಲ್ಲದ್ದನ್ನು ಕಾಣಬಾರದೆಂದು ಅರ್ಧ ಗಂಟೆಗೊಮ್ಮೆ ಸ್ಥಳ ಬದಲಾಯಿಸಬೇಕು. ವೇಳೆ, ದೋಣಿಯಿದ್ದ ಸ್ಥಾನ, ಗಾಳಿ, ಅಲೆ ಇವೆಲ್ಲವನ್ನು ಬರೆದು, ಏನೂ ಕಾಣದಿದ್ದರೆ ಸೊನ್ನೆಯೆಂದು ಬರೆಯಬೇಕು. ದಡದ ಸಮೀಪದಲ್ಲಿ ಬೂದುಬಣ್ಣದ ಡಾಲ್ಫಿನ್‌ಗಳು ಕಂಡವು. ತಿಮಿಂಗಿಲವೋ ಕಾಣಲೇ ಇಲ್ಲ.

ಏಳನೆಯ ದಿನ ಮಧ್ಯಾಹ್ನ ದೂರದ ಅಲೆಗಳ ನಡುವೆ ಕರಿದಾದದ್ದೊಂದು ತೋರಿ ಅಡಗಿತು. ಮರದ ದಿಮ್ಮಿಯೇ ಆಗಿರಬಹುದು. ಊರಿಗೆ ಹೋಗಿ ಏನು ಹೇಳಲಿ ಎಂಬ ಆಶೆಯಿಂದ ತಿಮಿಂಗಿಲವೆಂದು ಬರೆಯಿಸಹೋದೆನು. ಲೇಖನಿ ಹಿಡಿದಿದ್ದ ಹುಡುಗಿಯು, ನನ್ನ ಮಗಳ ವಯಸ್ಸಿನವಳು, “ನಿಜವಾಗಿಯೂ ಕಂಡಿರಾ ಸರ್?” ಎಂದು ಮೆಲ್ಲಗೆ ಕೇಳಿದಳು. ಇಲ್ಲವೆಂದೆನು. ಸೊನ್ನೆಯನ್ನು ಬರೆದಳು.

ಸೊನ್ನೆಗೆ ಏನು ಬೆಲೆ ಎನ್ನುವಿರೋ? ಎಷ್ಟು ಹೊತ್ತು ನೋಡಿದ್ದಕ್ಕೆ ಎಷ್ಟು ಕಂಡವೆಂದು ತಿಳಿದರೆ ಮಾತ್ರ ಕಡಲಿನಲ್ಲಿ ಉಳಿದಿರುವ ಜೀವಗಳ ಲೆಕ್ಕ ಸಿಕ್ಕುವದು. ಬರಿಗೈಯ ದಿನಗಳನ್ನು ಬಿಟ್ಟುಬಿಟ್ಟರೆ ಬರಿದಾದ ಕಡಲೂ ತುಂಬಿದಂತೆ ತೋರುವದು. ಗೂನುಬೆನ್ನಿನ ತಿಮಿಂಗಿಲಗಳಲ್ಲಿ ಒಂದು ಬಳಗವು ತಣ್ಣನೆಯ ಸಮುದ್ರಗಳಿಗೆ ವಲಸೆ ಹೋಗದೆ ವರ್ಷವೆಲ್ಲಾ ಅರಬ್ಬೀ ಸಮುದ್ರದಲ್ಲೇ ವಾಸಿಸುತ್ತದೆ. 1965 ಮತ್ತು 1966ರಲ್ಲಿ ಸೋವಿಯೆತ್ ಹಡಗುಗಳು ಇವುಗಳಲ್ಲಿ 242ನ್ನು ಕೊಂದು, ಲೋಕಕ್ಕೆ ಒಪ್ಪಿಸಿದ ಲೆಕ್ಕದಲ್ಲಿ ಸುಳ್ಳನ್ನು ಬರೆದವು. ಸತ್ಯವು ಹೊರಬಿದ್ದದ್ದು 1990ರ ದಶಕದಲ್ಲಿ. ಈಗ ಒಮಾನ್ ತೀರದಲ್ಲಿ ನೂರಕ್ಕಿಂತಲೂ ಕಡಿಮೆಯೆಂದು ಎಣಿಸಿದ್ದಾರೆ. 2017ರಲ್ಲಿ ಅಲ್ಲಿ ಗುರುತಿನ ಯಂತ್ರವನ್ನು ತೊಡಿಸಿಕೊಂಡ ಹೆಣ್ಣು ತಿಮಿಂಗಿಲವೊಂದು ಸಮುದ್ರವನ್ನು ದಾಟಿ ನಮ್ಮ ದೇಶದ ತೀರಕ್ಕೆ ಬಂದಿತು. ಅದರ ಹೆಸರು ಲುಬಾನ್. ಜೋಯಿಸರು ಶಿಶುವಿನ ಮುಂದೆ ಕಾಣಿಕೆಯಾಗಿಟ್ಟ ಧೂಪಕ್ಕೆ ಅರಬ್ಬೀ ಮಾತಿನಲ್ಲಿ ಹೀಗೆನ್ನುತ್ತಾರೆ.

ಆ ಹುಡುಗಿಯ ಪ್ರಶ್ನೆಯು ನನ್ನನ್ನು ಹರಿಹರದ ವರೆಗೂ ಬಿಡಲಿಲ್ಲ. ಯಾಕಂದರೆ ಹಿಂದಿನ ಮಳೆಗಾಲದಿಂದ ಒಂದು ಹಳ್ಳಿಯ ಸಭೆಗೆ ನಾಲ್ಕೈದು ಮಂದಿಯೇ ಬರುತ್ತಿದ್ದರೂ ಹಾಜರಿ ಪುಸ್ತಕದಲ್ಲಿ ಹದಿನೆಂಟು ಹೆಸರುಗಳಿಗೂ ಗುರುತು ಹಾಕುತ್ತಿದ್ದವನು ನಾನೇ. ಮೇಲಿನವರು ಮೆಚ್ಚಲೆಂದು ಹಾಗೆ ಮಾಡಿದೆನು. ಹದಿನೆಂಟು ಮಂದಿ ಕೂಡುವ ಸಭೆಗೆ ಸಹಾಯವೇಕೆಂದು ಯಾರೂ ಬರಲಿಲ್ಲ. ಇನ್ನೂ ಕೆಟ್ಟದ್ದೇನಂದರೆ, ಬರೆದ ನಾನೇ ಅದನ್ನು ನಂಬಿ, ಬಾರದವರ ಬಾಗಿಲಿಗೆ ಹೋಗಲಿಲ್ಲ. ಎಲೀಯನ ಸೇವಕನು ಯಜಮಾನನನ್ನು ಮೆಚ್ಚಿಸುವದಕ್ಕೆ ಎರಡನೆಯ ಸಾರಿಯೇ ಮೋಡವನ್ನು ಕಂಡೆನೆಂದಿದ್ದರೆ ಪ್ರವಾದಿಯು ತನ್ನ ಪ್ರಾರ್ಥನೆಯನ್ನು ಅಲ್ಲಿಗೇ ನಿಲ್ಲಿಸುತ್ತಿದ್ದನು.

ಊರಿಗೆ ಮರಳಿದ ಭಾನುವಾರ ಐದು ಮಂದಿ ಬಂದರು. ಐದೆಂದು ಬರೆದೆನು. ಸಾಯಂಕಾಲ ಉಳಿದವರ ಮನೆಗಳಿಗೆ ಹೊರಟು, ಮೊದಲು ಊರ ಕಡೆಯ ಗುಡಿಸಲಿನ ವಿಧವೆಯ ಬಳಿಗೆ ಹೋದೆನು. ಮುದುಕಿಯು ಮಂಡಿ ಹಿಡಿದು ಹಾಸಿಗೆಯಲ್ಲೇ ಇದ್ದಳು. “ಕೂತ್ಕಳ್ರಿ ಅಯ್ನೋರೇ, ನಿಮ್ ಮುಖ ನೋಡಿ ಆರು ತಿಂಗಳಾತು” ಎಂದು ಚಾಪೆಯನ್ನು ನನ್ನ ಕಡೆಗೆ ತಳ್ಳಿದಳು. ಆ ಆರು ತಿಂಗಳೂ ನನ್ನ ಪುಸ್ತಕದಲ್ಲಿ ಪ್ರತಿ ಭಾನುವಾರವೂ ಅವಳ ಹೆಸರಿಗೆ ಗುರುತು ಇತ್ತು.