ಹೆಸರು ಮುಚ್ಚಿಟ್ಟ ಲಿಪಿಕಾರ: ತ್ಯಾಗ, ಹೊಣೆ ಮತ್ತು ಒಬ್ಬ ಮೃತ್ಯುದೇವತೆಯ ಅಜ್ಞಾತವಾಸ

ಅಧಿಕಾರವನ್ನು ತಾನಾಗಿ ತ್ಯಜಿಸಿದವನು, ಆ ಅಧಿಕಾರ ಅಯೋಗ್ಯರ ಕೈಸೇರಿ ಮುಂದೆ ಲೋಕಕ್ಕೆ ಒದಗುವ ಕೇಡಿಗೆ ಎಷ್ಟರಮಟ್ಟಿಗೆ ಹೊಣೆಗಾರ ಎಂಬುದು, ತ್ಯಾಗವನ್ನು ದೊಡ್ಡ ಮೌಲ್ಯವೆಂದು ಎತ್ತಿಹಿಡಿಯುವ ಯಾವ ಧರ್ಮವೂ ಸುಲಭವಾಗಿ ದಾಟಿಹೋಗಲಾರದ ಪ್ರಶ್ನೆ. 2023ರ ಆಗಸ್ಟ್ ತಿಂಗಳಲ್ಲಿ ಬೆಲ್ಜಿಯಂನ ಲೇರಿಯನ್ ಸ್ಟುಡಿಯೋಸ್ ಹೊರತಂದ ‘ಬಾಲ್ಡರ್ಸ್ ಗೇಟ್ 3’ ಎಂಬ ಕಂಪ್ಯೂಟರ್ ಆಟದಲ್ಲಿ ಈ ಪ್ರಶ್ನೆ ಎಲುಬಿಗೆ ಚರ್ಮ ಅಂಟಿದ ಒಂದು ಪಾತ್ರದ ರೂಪ ತಾಳಿದೆ. ಇದು ‘ರೋಲ್ ಪ್ಲೇಯಿಂಗ್ ಗೇಮ್’ ಎಂಬ ಪ್ರಕಾರಕ್ಕೆ ಸೇರಿದ ಆಟ. ಆಡುವವರು ಒಂದು ಪಾತ್ರವನ್ನು ತಮ್ಮದಾಗಿಸಿಕೊಂಡು ಅದರ ಮಾತು, ನಡೆ, ನಿರ್ಧಾರಗಳನ್ನು ತಾವೇ ಆರಿಸುತ್ತ ಹೋದಂತೆ ಕಥೆಯ ದಾರಿಯೂ ಬದಲಾಗುವ ಈ ಪ್ರಕಾರಕ್ಕೆ, 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾದ, ಮೇಜಿನ ಸುತ್ತ ಕುಳಿತು ದಾಳ ಉರುಳಿಸಿ ಆಡುವ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಮೂಲ.

ಆಟದ ಆರಂಭದಲ್ಲಿ ಪಾಳುಗುಡಿಯೊಂದರ ಕೆಳಗೆ ನೆಲಮಾಳಿಗೆಯಿದೆ. ಅಲ್ಲಿ ಧೂಳು ಮುಸುಕಿ ಬಿದ್ದಿರುವ ಅಸ್ಥಿಪಂಜರಗಳಲ್ಲಿ ಯೋಧರು ಮಾತ್ರವಲ್ಲ, ಲಿಪಿಕಾರರೂ ಇದ್ದಾರೆ. ಗುಡಿಯ ದೇವತೆ ಯಾರಿರಬಹುದೆಂಬುದಕ್ಕೆ ಆಟ ಕೊಡುವ ಮೊದಲ ಸುಳಿವು ಅದೇ. ಗೋಡೆಯಲ್ಲಿ ಅಡಗಿದ ಗುಂಡಿಯನ್ನು ಒತ್ತಿದರೆ ಅವರೆಲ್ಲ ಎದ್ದು ಮೇಲೆ ಬೀಳುತ್ತಾರೆ, ಒಳಕೋಣೆ ತೆರೆದುಕೊಳ್ಳುತ್ತದೆ, ಅಲ್ಲಿನ ಕಲ್ಲಿನ ಶವಪೆಟ್ಟಿಗೆಯಿಂದ ಸತ್ತೂ ಸಾಯದ ಒಬ್ಬ ವೃದ್ಧ ನಿಧಾನವಾಗಿ ಮೇಲೇಳುತ್ತಾನೆ. ಅವನು ಬೆದರಿಸುವುದಿಲ್ಲ, ವರ ಕೊಡುವ ಮಾತೂ ಆಡುವುದಿಲ್ಲ. ಸಾಯಲಿರುವ ಒಂದೇ ಒಂದು ಜೀವದ ಬೆಲೆಯೇನು ಎಂದಷ್ಟೇ ಕೇಳುತ್ತಾನೆ. ಯಾವ ಉತ್ತರ ಕೊಟ್ಟರೂ ಅದನ್ನು ಸ್ವೀಕರಿಸಿ ಹೊರಟುಹೋಗುವ ಅವನು ಮುಂದೆ ಪಯಣಿಗರ, ಎಂದರೆ ಆಡುವವರ ಪಾತ್ರ ಮತ್ತು ಅದರ ಸಂಗಾತಿಗಳ, ಬಿಡಾರಕ್ಕೆ ಬಂದು ಅವರಲ್ಲಿ ಸತ್ತವರನ್ನು ಎಬ್ಬಿಸಿಕೊಡುತ್ತ ನಿಲ್ಲುತ್ತಾನೆ, ನೆಲಮಾಳಿಗೆಯನ್ನು ಕಾಣದೆ ಮುಂದೆ ಸಾಗಿದವರ ಬಿಡಾರಕ್ಕೂ ತಾನಾಗಿ ಬರುತ್ತಾನೆ. ಇಂಗ್ಲಿಷಿನಲ್ಲಿ ಬಾಡುವುದು, ಒಣಗುವುದು ಎಂಬ ಅರ್ಥ ಕೊಡುವ ‘ವಿದರ್ಸ್’ ಎಂಬ ಹೆಸರಿನಿಂದ ಅವನು ಪರಿಚಿತನಾದರೂ ಅದು ಅವನ ನಿಜನಾಮವಲ್ಲ, ಮತ್ತು ನಿಜನಾಮವನ್ನು ಅವನು ಕೊನೆಯವರೆಗೂ ಬಾಯಿಬಿಟ್ಟು ಹೇಳುವುದಿಲ್ಲ.

ಕನ್ನಡದ ಓದುಗರಿಗೆ ಈ ಸನ್ನಿವೇಶ ಅರಣ್ಯಪರ್ವದ ಯಕ್ಷಪ್ರಶ್ನೆಯನ್ನು ನೆನಪಿಸದೆ ಇರದು. ಅಲ್ಲಿಯೂ ಮೃತ್ಯುವಿನ ಒಡೆಯನಾದ ಧರ್ಮನು ವೇಷ ಮರೆಸಿಕೊಂಡು ಕೊಳದ ಬಳಿ ನಿಂತು ಮನುಷ್ಯನೊಬ್ಬನನ್ನು ಪ್ರಶ್ನಿಸುತ್ತಾನೆ, ಅಲ್ಲಿಯೂ ಸತ್ತವರು ಎದ್ದು ಕೂರುತ್ತಾರೆ. ಆದರೆ ಹೋಲಿಕೆ ಎಲ್ಲಿ ಮುರಿಯುತ್ತದೆಯೋ ಅಲ್ಲಿಯೇ ವಿಚಾರಕ್ಕೆ ಎಡೆಯಿದೆ. ಯಕ್ಷನ ಪ್ರಶ್ನೆಗಳಿಗೆ ಸರಿಯುತ್ತರಗಳಿವೆ. ಯುಧಿಷ್ಠಿರನು ತಮ್ಮಂದಿರಲ್ಲಿ ಮಾದ್ರಿಯ ಮಗನಾದ ನಕುಲನನ್ನು ಬದುಕಿಸೆಂದು ಬೇಡಿದಾಗ ಅವನ ನಿಷ್ಪಕ್ಷಪಾತಕ್ಕೆ ಮೆಚ್ಚಿ ಯಕ್ಷನು ತಾನು ಧರ್ಮನೆಂದು ಪ್ರಕಟಪಡಿಸುತ್ತಾನೆ, ಆ ಪ್ರಕಟಣೆಯೇ ಅನುಗ್ರಹವಾಗುತ್ತದೆ. ವಿದರ್ಸ್‌ನ ಪ್ರಶ್ನೆಗೆ ಸರಿಯುತ್ತರವಿಲ್ಲ, ಅವನು ತನ್ನನ್ನು ಪ್ರಕಟಪಡಿಸಿಕೊಳ್ಳುವುದೂ ಇಲ್ಲ. ಯಕ್ಷನು ಪರೀಕ್ಷಕನಾಗಿ ಕೇಳಿದರೆ, ಇವನು ಉತ್ತರ ತನಗೇ ಬೇಕಾದವನಂತೆ ಕೇಳುತ್ತಾನೆ.

ಏಕೆ ಬೇಕು ಎಂಬುದಕ್ಕೆ ಕಾರಣ ಅವನ ಪೂರ್ವವೃತ್ತಾಂತದಲ್ಲಿದೆ. ಆಟದೊಳಗಿನ ಸುಳಿವುಗಳೆಲ್ಲ ಬೆರಳು ಮಾಡುವುದು ಜೆರ್ಗಲ್ ಎಂಬ ಪ್ರಾಚೀನ ದೇವತೆಯ ಕಡೆಗೆ. ಆಟದ ಕಥೆ ನಡೆಯುವ ‘ಫರ್ಗಾಟನ್ ರೆಲ್ಮ್ಸ್’ ಎಂಬ ಕಲ್ಪಿತ ಲೋಕದ ಪುರಾಣದಲ್ಲಿ ಜೆರ್ಗಲ್ ಒಂದು ಕಾಲಕ್ಕೆ ಸಾವು, ಕಲಹ, ಸತ್ತವರ ಆಳ್ವಿಕೆ ಮೂರನ್ನೂ ಕೈಯಲ್ಲಿಟ್ಟುಕೊಂಡ ಒಡೆಯ. ಬೇನ್, ಭಾಲ್, ಮಿರ್ಕುಲ್ ಎಂಬ ಮೂವರು ಮಹತ್ವಾಕಾಂಕ್ಷಿ ಮನುಷ್ಯರು ಅವನನ್ನು ಕೆಳಗಿಳಿಸಲು ಸಿಂಹಾಸನದ ಮುಂದೆ ಬಂದು ನಿಂತಾಗ, ಕೆಲಸದಲ್ಲಿ ಬೇಸತ್ತಿದ್ದ ಅವನು ಯುದ್ಧವನ್ನೇ ಮಾಡದೆ ಪೀಠವನ್ನು ಬಿಟ್ಟುಕೊಟ್ಟ. ಅವರು ಮೂಳೆಯ ದಾಳಗಳನ್ನು ಉರುಳಿಸಿ ಅವನ ಅಧಿಕಾರವನ್ನು ತಮ್ಮೊಳಗೆ ಹಂಚಿಕೊಂಡು ದೇವತೆಗಳಾದರು. ದಬ್ಬಾಳಿಕೆ ಬೇನ್‌ನ ಪಾಲಿಗೆ, ಸತ್ತವರ ರಾಜ್ಯ ಮಿರ್ಕುಲ್‌ನ ಪಾಲಿಗೆ, ಕೊಲೆ ಭಾಲ್‌ನ ಪಾಲಿಗೆ ಹೋಯಿತು. ಜೆರ್ಗಲ್ ತನಗಾಗಿ ಉಳಿಸಿಕೊಂಡದ್ದು ಸತ್ತವರ ಕಡತ ಬರೆಯುವ ಲಿಪಿಕಾರನ ಕೆಲಸವೊಂದನ್ನೇ.

ನಮ್ಮ ಪರಂಪರೆಯಲ್ಲಿ ಲೆಕ್ಕ ಬರೆಯುವ ಚಿತ್ರಗುಪ್ತನ ಹೆಸರಿನಲ್ಲಿಯೇ ಗುಪ್ತತೆಯಿದೆ. ಆದರೆ ಅವನು ಯಮನಿಗೆ ಅಧೀನನೇ ಹೊರತು ಯಮಪೀಠವನ್ನು ಬಿಟ್ಟುಬಂದವನಲ್ಲ. ಒಡೆಯನೇ ಗುಮಾಸ್ತನಾಗುವ ಕಥೆ ಬೇರೆಯದು, ಮತ್ತು ಮೇಲುನೋಟಕ್ಕೆ ಅದು ವೈರಾಗ್ಯದ ಕಥೆಯಂತೆಯೇ ಕಾಣುತ್ತದೆ. ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯ ತ್ಯಾಗವನ್ನು ಮೂರು ಬಗೆಯಾಗಿ ವಿಂಗಡಿಸಿ, ಮೋಹದಿಂದ ಕರ್ತವ್ಯವನ್ನು ಬಿಡುವುದನ್ನು ತಾಮಸವೆಂದೂ, ಕಷ್ಟವೆಂದು ಬಗೆದು ಬಿಡುವುದನ್ನು ರಾಜಸವೆಂದೂ, ಫಲದ ಆಸೆಯನ್ನಷ್ಟೇ ಬಿಟ್ಟು ಕರ್ತವ್ಯವನ್ನು ನಡೆಸುವುದನ್ನು ಸಾತ್ತ್ವಿಕವೆಂದೂ ಹೇಳುತ್ತದೆ. ಈ ಅಳತೆಯಲ್ಲಿ ಜೆರ್ಗಲ್‌ನ ತ್ಯಾಗ ಮೇಲಿನ ಮಟ್ಟದ್ದಲ್ಲ. ಬೇಸರವೂ ಒಂದು ಕಷ್ಟವೇ ಆದ್ದರಿಂದ ಅದರಿಂದ ಪಾರಾಗಲು ಪೀಠವನ್ನು ಬಿಡುವುದು ರಾಜಸ. ಬಿಟ್ಟದ್ದನ್ನು ಯಾರಿಗೆ ಒಪ್ಪಿಸುತ್ತಿದ್ದೇನೆಂದು ನೋಡದೆ ಬಿಡುವುದಂತೂ ತಾಮಸವನ್ನು ಮುಟ್ಟುತ್ತದೆ. ಅವನಿಗೆ ತಿಳಿಯದೆ ಇರಲಿಲ್ಲ. ಆ ಮೂವರು ಎಂಥವರೆಂಬುದು ಅವರು ಬಾಗಿಲಿಗೆ ಬಂದ ರೀತಿಯಲ್ಲಿಯೇ ಇತ್ತು.

ಆ ಲೋಕದ ಗಣನೆಯಲ್ಲಿ 1358ನೆಯ ವರ್ಷ ದೇವತೆಗಳು ಭೂಮಿಗೆ ತಳ್ಳಲ್ಪಟ್ಟು, ಬೇನ್, ಭಾಲ್, ಮಿರ್ಕುಲ್ ಮೂವರೂ ಹತರಾದರು. ಹೀಗಿದ್ದೂ ಅವರೂ ಅವರ ಕೇಡೂ ಪೂರ್ತಿ ಅಳಿಯಲಿಲ್ಲ. 1492ರಲ್ಲಿ ನಡೆಯುವ ಆಟದ ಕಥೆಯಲ್ಲಿ, ಅವರು ಆರಿಸಿದ ಮೂವರು ಸೇವಕರೇ ಮನುಷ್ಯರ ಮೆದುಳಿಗೆ ಪರಾವಲಂಬಿ ಹುಳುಗಳನ್ನು ಹೊಗಿಸಿ ನಗರಗಳನ್ನು ವಶಪಡಿಸಿಕೊಳ್ಳಲು ಹೊರಟಿರುತ್ತಾರೆ. ಬಿಡಾರದ ಮೂಲೆಯಲ್ಲಿ ಕೈಕಟ್ಟಿ ನಿಂತ ವೃದ್ಧ ಯಾರೆಂದು ಗೊತ್ತಾದ ಮೇಲೆ ಇಡೀ ಕಥೆಯ ಭಾರ ಸ್ಥಳಾಂತರಗೊಳ್ಳುವುದು ಇದರಿಂದಲೇ: ಪಯಣಿಗರು ಹೋರಾಡುತ್ತಿರುವ ವಿಪತ್ತಿನ ಬೇರು ಅವನ ಆ ಒಂದು ದಿನದ ನಿರ್ಲಕ್ಷ್ಯದಲ್ಲಿದೆ.

ಹಾಗಾದರೆ ಅವನು ಹೆಸರನ್ನು ಮುಚ್ಚಿಡುವುದು ನಾಚಿಕೆಯಿಂದಲೇ? ಅಷ್ಟೇ ಎನ್ನುವುದು ಸಾಲದು. 1358ರ ಆ ಸಂಕಟದ ನಂತರ, ಎಲ್ಲ ದೇವತೆಗಳಿಗೂ ಮೇಲಿನವನಾದ ಏಓ ಎಂಬವನು, ದೇವತೆಗಳ ಶಕ್ತಿ ಅವರನ್ನು ಪೂಜಿಸುವವರ ಸಂಖ್ಯೆಯನ್ನೂ ಭಕ್ತಿಯನ್ನೂ ಅವಲಂಬಿಸಬೇಕೆಂದು ವಿಧಿಸಿದ. ಅಂಥ ಲೋಕದಲ್ಲಿ ದೇವತೆಗೆ ಹೆಸರೇ ಅನ್ನ. ಬಿಡಾರದ ನಡುವೆ ನಿಂತು ತಾನು ಜೆರ್ಗಲ್ ಎಂದಿದ್ದರೆ, ಅವನಿಂದ ಜೀವ ಮರಳಿ ಪಡೆದವರೆಲ್ಲ ಕೃತಜ್ಞತೆಯಿಂದ ಕೈಮುಗಿಯುತ್ತಿದ್ದರು, ಮತ್ತು ಬಿಟ್ಟುಕೊಟ್ಟ ಪೀಠದತ್ತ ಅವನು ಹೆಜ್ಜೆಹೆಜ್ಜೆಯಾಗಿ ಹಿಂದಿರುಗುತ್ತಿದ್ದ. ಅದಕ್ಕೆ ಬದಲಾಗಿ ಅವನು ಸತ್ತ ಸಂಗಾತಿಯನ್ನು ಎಬ್ಬಿಸಲು 200 ಚಿನ್ನದ ನಾಣ್ಯ ಕೇಳುತ್ತಾನೆ. ದೇವಕಾರ್ಯಕ್ಕೆ ಬೆಲೆ ಕಟ್ಟುವುದು ಸಣ್ಣತನವೆಂದು ತೋರಬಹುದು, ಆದರೆ ಇಲ್ಲಿ ಅದೇ ಅವನ ಸಂಯಮ. ದುಡ್ಡು ತೆತ್ತವನು ಋಣಿಯಾಗಿ ಉಳಿಯುವುದಿಲ್ಲ. ಲೆಕ್ಕ ಅಲ್ಲಿಗೇ ಚುಕ್ತಾ ಆಗಿ, ಭಕ್ತಿಗೆ ದಾರಿಯೇ ಉಳಿಯುವುದಿಲ್ಲ. ಮೊದಲ ಬಾರಿ ಬೇಸರದಿಂದ ಮಾಡಿದ ತ್ಯಾಗವನ್ನು ಅವನು ಈಗ ಎಚ್ಚರದಿಂದ, ದಿನದಿನವೂ ಮಾಡುತ್ತಿದ್ದಾನೆ. ಕೆಲಸವನ್ನು ಉಳಿಸಿಕೊಂಡು ಫಲವನ್ನು ಮಾತ್ರ ಬಿಡುತ್ತಿದ್ದಾನೆ.

ಈ ವಾದಕ್ಕೆ ಎದುರಾಗಿ ಹೇಳಬೇಕಾದ ಮಾತೊಂದಿದೆ, ಅದು ಹಗುರವಾದುದಲ್ಲ. ಪ್ರಾಯಶ್ಚಿತ್ತಕ್ಕೆ ತಪ್ಪೊಪ್ಪಿಗೆ ಮೊದಲ ಮೆಟ್ಟಿಲು. ಯಾರಿಂದ ತಮಗೆ ಈ ಗತಿ ಬಂತೆಂದು ತಿಳಿಯುವ ಹಕ್ಕು ನೊಂದವರಿಗಿದೆ, ಮತ್ತು ವಿದರ್ಸ್ ಆ ಹಕ್ಕನ್ನು ಅವರಿಗೆ ಕೊಡುವುದೇ ಇಲ್ಲ. ಬಿಡಾರದ ಹೊರಗೆ ಸತ್ತ ಸಾವಿರಾರು ಮಂದಿಯನ್ನು ಅವನು ಎಬ್ಬಿಸುವುದೂ ಇಲ್ಲ. ಈ ಕೊರತೆಯನ್ನು ಒಪ್ಪಿಕೊಂಡೇ ಒಂದು ದೃಶ್ಯವನ್ನು ಹತ್ತಿರದಿಂದ ನೋಡಬೇಕು. ಆಡುವವರು ಭಾಲ್‌ನ ರಕ್ತದಿಂದಲೇ ಹುಟ್ಟಿದ ಪಾತ್ರವನ್ನು ವಹಿಸಿದ್ದರೆ, ಭಾಲ್‌ನ ಗುಡಿಯಲ್ಲಿ ಆ ಪಾತ್ರಕ್ಕೆ ತಂದೆಯ ಕೊಲೆಗಡುಕ ಉತ್ತರಾಧಿಕಾರ ಒದಗಿಬರುತ್ತದೆ. ಅದನ್ನು ನಿರಾಕರಿಸಿದರೆ ಭಾಲ್ ತನ್ನ ರಕ್ತವನ್ನು ಹಿಂದಕ್ಕೆ ಸೆಳೆದುಕೊಂಡು ಮಗುವನ್ನು ಕೊಲ್ಲುತ್ತಾನೆ. ಆಗ ಕರೆಯದೆಯೇ ಬರುವ ವಿದರ್ಸ್ ಆ ಹೆಣದ ಪಕ್ಕ ನಿಂತು, ಒಂದು ನಾಣ್ಯವನ್ನೂ ಕೇಳದೆ, ಜೀವವನ್ನು ಮರಳಿಸುತ್ತಾನೆ. ಎದ್ದು ಕೂತವನ ಮೈಯಲ್ಲಿ ಭಾಲ್‌ನ ಅಂಶ ಉಳಿದಿರುವುದಿಲ್ಲ. ಅಂದು ದಾಳ ಉರುಳಿಸಿ ಅಧಿಕಾರ ಪಡೆದ ಒಬ್ಬನ ಹಿಡಿತದಿಂದ, ಅಂದು ಅದನ್ನು ಕೊಟ್ಟವನೇ ಒಂದು ಜೀವವನ್ನು ಬಿಡಿಸಿಕೊಂಡಿದ್ದಾನೆ. ಲಿಪಿಕಾರನ ನಿಷ್ಪಕ್ಷಪಾತ ಇಲ್ಲಿ ಮುರಿದುಬಿದ್ದಿದೆ, ಮತ್ತು ಮುರಿಯಬೇಕಾದ ಜಾಗದಲ್ಲಿಯೇ ಮುರಿದಿದೆ.

ಕಥೆ ಮುಗಿದ ಮೇಲೆ ಬರುವ ಕಿರುದೃಶ್ಯದಲ್ಲಿ ಅವನು ಆ ಮೂವರು ದೇವತೆಗಳ ಚಿತ್ರದ ಮುಂದೆ ಒಬ್ಬನೇ ನಿಂತು ಅವರ ಸೋಲನ್ನು ಎತ್ತಿ ಆಡುತ್ತಾನೆ. ಕೇಳಲು ಅಲ್ಲಿ ಬೇರೆ ಯಾರೂ ಇಲ್ಲ. 2023ರ ನವೆಂಬರ್ ಕೊನೆಯಲ್ಲಿ ಆಟಕ್ಕೆ ಸೇರಿಸಿದ ಉಪಸಂಹಾರದಲ್ಲಿ, ಆರು ತಿಂಗಳ ನಂತರ ಸಂಗಾತಿಗಳನ್ನೆಲ್ಲ ಊಟಕ್ಕೆ ಕರೆದು ಒಂದೆಡೆ ಸೇರಿಸುವವನೂ ಅವನೇ. ಸತ್ತವರ ಹೆಸರುಗಳನ್ನು ಬರೆಯುತ್ತ ಬಂದವನು ಬದುಕಿರುವವರನ್ನು ಮಾತನಾಡಿಸುತ್ತ ದೀಪಗಳ ನಡುವೆ ನಿಂತಿರುತ್ತಾನೆ, ಮತ್ತು ಅಂದೂ ಅವರು ಅವನನ್ನು ವಿದರ್ಸ್ ಎಂದೇ ಕರೆಯುತ್ತಾರೆ.